ಮೈಸೂರು ನಗರದಲ್ಲಿ ಉನ್ನತ ಲೆಕ್ಕಶಾಸ್ತ್ರದ ವ್ಯಾಸಂಗ

ಧನವನ್ನು ಸಂಪಾದಿಸುವುದು ಒಂದು ವಿದ್ಯೆ. ಸಂಪಾದಿಸಿದುದನ್ನು ಕಾಪಾಡುವುದು ಇನ್ನೊಂದು ವಿದ್ಯೆ. ಪರರ ಧನವನ್ನು ತನ್ನ ಕೈಯಲ್ಲಿರಿಸಿಕೊಂಡು, ಕೇಳಿದಾಗ ತಪ್ಪಿಲ್ಲದೆ ಅದಕ್ಕೆ ಲೆಕ್ಕವೊಪ್ಪಿಸುವುದು ಇವೆರಡಕ್ಕಿಂತಲೂ ಕಠಿನವಾದುದು. ಲೆಕ್ಕಶಾಸ್ತ್ರವು ಈ ಮೂರನೆಯ ವಿದ್ಯೆಗೆ ಸಂಬಂಧಿಸಿದುದು. ಇಂದು ಮೈಸೂರಿನ ಕಾಲೇಜುಗಳಲ್ಲಿಯೂ ಮಾನಸಗಂಗೋತ್ರಿಯಲ್ಲಿಯೂ ವಾಣಿಜ್ಯ ವಿದ್ಯಾರ್ಥಿಗಳು ವ್ಯಾಸಂಗ ಮಾಡುತ್ತಿರುವ ಉನ್ನತ ಹಣಕಾಸು ಲೆಕ್ಕಶಾಸ್ತ್ರವು ಮೇಲುನೋಟಕ್ಕೆ ಪರದೇಶದಿಂದ ಬಂದ ವಿದ್ಯೆಯಂತೆ ತೋರಿದರೂ, ಅದು ಎತ್ತುವ ಪ್ರಶ್ನೆಗಳು ಈ ನಾಡಿಗೆ ಬಹು ಹಳೆಯವು. ಬರೆದ ಲೆಕ್ಕ ತಾಳೆಯಾದ ಮಾತ್ರಕ್ಕೆ ಅದು ಸತ್ಯವಾಗುವುದೇ ಎಂಬುದು ಅವುಗಳಲ್ಲಿ ಮುಖ್ಯವಾದುದು.

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಆಳಿಕೆಯಲ್ಲಿ ಮೊದಲು ಕರಣಿಕರಾಗಿಯೂ ಬಳಿಕ ಭಂಡಾರಿಗಳಾಗಿಯೂ ಇದ್ದರೆಂದು ಪುರಾಣಗಳು ಹೇಳುತ್ತವೆ. ಭಂಡಾರದ ಹೊನ್ನನ್ನು ಜಂಗಮರಿಗಾಗಿ ವೆಚ್ಚಮಾಡಿದರೆಂದು ಕೊಂಡೆಯರು ದೂರಿತ್ತಾಗ, ಭಂಡಾರವನ್ನು ತೆರೆಸಿ ಎಣಿಸಲಾಗಿ ಹೊನ್ನು ಕಡಮೆಯಾಗಿರಲಿಲ್ಲವೆಂಬ ಕಥೆಯು ಶಿಷ್ಯವರ್ಗಕ್ಕೆ ಚೆನ್ನಾಗಿ ಪರಿಚಿತವಾದುದು. ಭಕ್ತರು ಅದರಲ್ಲಿ ಶಿವನ ಮಹಿಮೆಯನ್ನು ಕಾಣುತ್ತಾರೆ. ಲೆಕ್ಕಶಾಸ್ತ್ರವನ್ನು ಓದಿದವನು ಅದರೊಡನೆ ಇನ್ನೊಂದು ಅಂಶವನ್ನೂ ಗಮನಿಸುವನು: ಅಲ್ಲಿ ಪರೀಕ್ಷೆ ನಡೆದುದು ಓಲೆಯ ಮೇಲಿನ ಬರಹವನ್ನು ನೋಡಿಯಲ್ಲ, ಭಂಡಾರದ ಬಾಗಿಲನ್ನು ತೆರೆದು ಹೊನ್ನನ್ನು ಎಣಿಸಿ. ಬರಹವು ಒಂದು, ಬರಹವು ಹೇಳುವ ವಸ್ತುವು ಮತ್ತೊಂದು ಎಂಬ ಈ ವಿವೇಕವೇ ಇಂದಿನ ಲೆಕ್ಕ ಪರಿಶೋಧನೆಯ ಬುನಾದಿಯಾಗಿದೆ.

ಹಿಂದಿನ ಕಾಲದಲ್ಲಿ ಕನ್ನಡ ನಾಡಿನ ಶಾನುಭೋಗರೂ ವರ್ತಕರೂ ಮಠಗಳ ಪಾರುಪತ್ಯಗಾರರೂ ಲೆಕ್ಕಗಳನ್ನು ಕಡತಗಳಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದರೆ ಕಡತವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂತಹ ಕಡತಗಳು ಉಳಿದುಬಂದು ಚರಿತ್ರಕಾರರಿಗೆ ಬಹಳ ಉಪಕಾರವಾಗಿದೆ. ಆದರೆ ಕಡತಕ್ಕೆ ಒಂದು ವಿಶೇಷ ಗುಣವುಂಟು: ಬರೆದುದನ್ನು ಒರಸಿ ಅದೇ ಸ್ಥಳದಲ್ಲಿ ಬೇರೆಯದನ್ನು ಬರೆಯಬಹುದು. ಬಟ್ಟೆಯ ಉಳಿತಾಯಕ್ಕೆ ಇದು ಅನುಕೂಲ. ಲೆಕ್ಕದ ಭದ್ರತೆಗೆ ಅನನುಕೂಲ. ಆದುದರಿಂದ ಕಡತದ ಸತ್ಯವು ಕಡತದಲ್ಲಿ ಇರಲಿಲ್ಲ, ಅದನ್ನು ಬರೆದವನ ನಡತೆಯಲ್ಲಿ ಇತ್ತು. ಅಲ್ಲದೆ ಈ ವಿದ್ಯೆಯು ಕೆಲವು ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಇಳಿಯುತ್ತಿದ್ದಿತೇ ಹೊರತು, ಸಾಲಕೊಟ್ಟ ಸಾಹುಕಾರನ ಲೆಕ್ಕವನ್ನಾಗಲಿ ಕಂದಾಯದ ಲೆಕ್ಕವನ್ನಾಗಲಿ ಸಾಮಾನ್ಯ ರೈತನು ತಾನೇ ಓದಿ ಪರೀಕ್ಷಿಸುವಂತಿರಲಿಲ್ಲ.

ಮೈಸೂರು ನಗರಕ್ಕೆ ಈ ಶಾಸ್ತ್ರದ ಚರಿತ್ರೆಯಲ್ಲಿ ಒಂದು ವಿಶಿಷ್ಟ ಸ್ಥಾನವು ಪ್ರಾಪ್ತವಾದುದು 1905ರಲ್ಲಿ. ಆ ವರ್ಷ ಇಲ್ಲಿಯ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಒಬ್ಬ ಪಂಡಿತರಿಂದ ಒಂದು ತಾಳೆಗರಿಯ ಗ್ರಂಥವು ಬಂದು ಸೇರಿತು. ಲೈಬ್ರರಿಯ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು ಅದನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ರಾಜನೀತಿಯ ಗ್ರಂಥವೆಂದು ಲೋಕವಿಖ್ಯಾತವಾದ ಈ ಪುಸ್ತಕದ ಎರಡನೆಯ ಅಧಿಕರಣದಲ್ಲಿ ಅಕ್ಷಪಟಲ, ಎಂದರೆ ಲೆಕ್ಕದ ಕಚೇರಿ, ಹೇಗಿರಬೇಕೆಂಬ ವಿಚಾರಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ವರ್ಷದ ಲೆಕ್ಕವು ಆಷಾಢದಲ್ಲಿ ಮುಗಿಯಬೇಕು. ಅಧಿಕಾರಿಗಳು ಮುದ್ರೆಯೊತ್ತಿದ ಲೆಕ್ಕಗಳನ್ನೂ ಉಳಿದ ಹಣವನ್ನೂ ತಂದೊಪ್ಪಿಸಬೇಕು ಎಂಬ ವಿಧಿಗಳು ಅಲ್ಲಿವೆ. ಮುಂದಿನ ಅಧ್ಯಾಯದಲ್ಲಿ ಭಂಡಾರದ ಹಣವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಲಾಗಿದೆ. ಮೊದಲು ಬಂದುದನ್ನು ಅನಂತರ ಬಂದಂತೆ ಬರೆಯುವುದು, ಬಂದುದನ್ನು ಬರಲಿಲ್ಲವೆಂದು ಬರೆಯುವುದು, ಒಬ್ಬನಿಂದ ಬಂದುದನ್ನು ಇನ್ನೊಬ್ಬನಿಂದ ಬಂತೆಂದು ತೋರಿಸುವುದು ಮುಂತಾದ ಈ ಬಗೆಗಳಲ್ಲಿ ಹಲವು, ಮೊತ್ತಗಳು ಸರಿಯಾಗಿರುವಂತೆ ಕಂಡರೂ ಒಳಗೆ ಮೋಸವಿರುವಂತಹವು.

ಇತ್ತ ಯೂರೋಪಿನಲ್ಲಿ ಲೂಕಾ ಪಚೋಲಿ ಎಂಬ ಸಂನ್ಯಾಸಿಯು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ, ಅಲ್ಲಿಯ ವರ್ತಕರಲ್ಲಿ ಆಗಲೇ ರೂಢಿಯಲ್ಲಿದ್ದ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸಿದನು. ಪ್ರತಿಯೊಂದು ವ್ಯವಹಾರವನ್ನೂ ಒಂದು ಖಾತೆಯಲ್ಲಿ ಖರ್ಚಿಗೂ ಮತ್ತೊಂದು ಖಾತೆಯಲ್ಲಿ ಜಮೆಗೂ ಬರೆದರೆ, ಕೊನೆಯಲ್ಲಿ ಎರಡು ಕಡೆಯ ಮೊತ್ತಗಳೂ ಸಮನಾಗಬೇಕೆಂಬುದೇ ಇದರ ತತ್ತ್ವ. ಮುಂದೆ ಕೂಡುಬಂಡವಾಳದ ಕಂಪೆನಿಗಳು ಹುಟ್ಟಿ, ಹಣ ಹಾಕಿದವರು ಒಂದೆಡೆಯೂ ಅದನ್ನು ನಡೆಸುವವರು ಇನ್ನೊಂದೆಡೆಯೂ ಇರುವಂತಾದುದರಿಂದ, ಲೆಕ್ಕವು ಖಾಸಗಿ ಸ್ಮರಣೆಯಾಗಿರದೆ ಕಾಣದವರಿಗೆ ಒಪ್ಪಿಸುವ ಸಾಕ್ಷ್ಯವಾಯಿತು. ಆಗಲೇ ಈ ವಿದ್ಯೆಯನ್ನು ಮನೆಯಿಂದ ಶಾಲೆಗೆ ತರಬೇಕಾದ ಅವಶ್ಯಕತೆಯುಂಟಾದುದು.

ಮೈಸೂರು ಸಂಸ್ಥಾನದಲ್ಲಿ ಈ ಅವಶ್ಯಕತೆಯು ಸ್ಪಷ್ಟವಾಗಿ ಕಂಡುಬಂದುದು ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ. 1911ರಲ್ಲಿ ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಏರ್ಪಟ್ಟಿತು. ಮರುವರ್ಷ ದಿವಾನಗಿರಿಯನ್ನು ವಹಿಸಿಕೊಂಡ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1913ರಲ್ಲಿ ಮೈಸೂರು ಬ್ಯಾಂಕೂ, 1916ನೆಯ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ದೇಶೀಯ ಸಂಸ್ಥಾನಗಳಲ್ಲಿ ಇದೇ ಮೊದಲನೆಯ ವಿಶ್ವವಿದ್ಯಾನಿಲಯವು. ಬ್ಯಾಂಕಿಗೆ ಲೆಕ್ಕಬಲ್ಲವರು ಬೇಕು, ಕಾರ್ಖಾನೆಗಳಿಗೆ ಬೇಕು, ಸರ್ಕಾರಕ್ಕೂ ಬೇಕು. ಹೀಗಿರಲು ವಾಣಿಜ್ಯಶಾಸ್ತ್ರವು ತರ್ಕ ವ್ಯಾಕರಣಗಳಂತೆಯೇ ವಿದ್ವಾಂಸರ ವ್ಯಾಸಂಗಕ್ಕೆ ಯೋಗ್ಯವಾದುದೆಂಬ ಅಭಿಪ್ರಾಯವು ಕ್ರಮೇಣ ಬಲಗೊಂಡಿತು. 1960ರಲ್ಲಿ ಮಾನಸಗಂಗೋತ್ರಿಯ ಆವರಣವು ಏರ್ಪಟ್ಟು, ಸ್ನಾತಕೋತ್ತರ ವ್ಯಾಸಂಗಕ್ಕೆ ನೆಲೆ ದೊರೆತ ಬಳಿಕ, ವಾಣಿಜ್ಯಶಾಸ್ತ್ರವೂ ಅಲ್ಲಿ ತನ್ನ ಸ್ಥಾನವನ್ನು ಪಡೆದಿದೆ.

ಉನ್ನತ ಲೆಕ್ಕಶಾಸ್ತ್ರದಲ್ಲಿ ಕಲಿಯತಕ್ಕದ್ದೇನು? ದಿನವಹಿ, ಖಾತೆ, ತಾಳೆಪಟ್ಟಿಗಳನ್ನು ಬರೆಯುವುದು ಪ್ರಾರಂಭದ ತರಗತಿಗಳಲ್ಲಿಯೇ ಮುಗಿಯುತ್ತದೆ. ಅಲ್ಲಿಯೇ ಗುರುಗಳು ಒಂದು ಎಚ್ಚರಿಕೆಯನ್ನು ಹೇಳಿರುತ್ತಾರೆ: ಒಂದು ವ್ಯವಹಾರವನ್ನು ಪೂರ್ತಿಯಾಗಿ ಬಿಟ್ಟುಬಿಟ್ಟಿದ್ದರೂ, ಯಂತ್ರ ಕೊಂಡುದನ್ನು ದುರಸ್ತಿಯ ಖರ್ಚೆಂದು ಬರೆದಿದ್ದರೂ, ಒಂದು ತಪ್ಪು ಮತ್ತೊಂದು ತಪ್ಪಿನಿಂದ ಮುಚ್ಚಿಹೋಗಿದ್ದರೂ ತಾಳೆಪಟ್ಟಿಯು ಸರಿಯಾಗಿಯೇ ತಾಳೆಯಾಗುವುದು. ಈ ಎಚ್ಚರಿಕೆಯ ವಿಸ್ತಾರವೇ ಉನ್ನತ ವ್ಯಾಸಂಗವೆನ್ನಬಹುದು. ಪಾಲುದಾರಿಕೆಯ ವಿಸರ್ಜನೆ, ಕಂಪೆನಿಗಳ ವಿಲೀನ ಮತ್ತು ಸಮಾಪನ, ಬ್ಯಾಂಕು ಮತ್ತು ವಿಮಾ ಕಂಪೆನಿಗಳ ಲೆಕ್ಕ, ಹಿಡುವಳಿ ಕಂಪೆನಿ ಹಾಗೂ ಅಧೀನ ಕಂಪೆನಿಗಳ ಕೂಡುಲೆಕ್ಕ ಇವೆಲ್ಲವೂ ಸಂಬಂಧಗಳು ತೊಡಕಾದಾಗ ಯಾರದು ಯಾರಿಗೆ ಸಲ್ಲಬೇಕೆಂದು ನಿರ್ಣಯಿಸುವ ಪ್ರಕರಣಗಳು.

ಒಂದು ಉದಾಹರಣೆಯಿಂದ ಇದು ವಿಶದವಾಗುವುದು. ಒಂದು ಕಂಪೆನಿಯ ಷೇರು ಬಂಡವಾಳವು ತಲಾ 10 ರೂಪಾಯಿಯ 10,000 ಷೇರುಗಳಾಗಿ 1,00,000 ರೂಪಾಯಿ, ಅದರ ಮೀಸಲು ನಿಧಿ 20,000 ರೂಪಾಯಿ ಎಂದಿಟ್ಟುಕೊಳ್ಳಬಹುದು. ಬೇರೊಂದು ಕಂಪೆನಿಯು ಇದರ 8,000 ಷೇರುಗಳನ್ನು 1,00,000 ರೂಪಾಯಿ ಕೊಟ್ಟು ಕೊಂಡುಕೊಂಡಿತು. ಕೊಂಡವರಿಗೆ ದೊರೆತ ಪಾಲು 1,20,000ದಲ್ಲಿ ಐದರಲ್ಲಿ ನಾಲ್ಕು ಭಾಗ, ಅಂದರೆ 96,000 ರೂಪಾಯಿ. ಹೆಚ್ಚಾಗಿ ಕೊಟ್ಟ 4,000 ರೂಪಾಯಿಯನ್ನು ಕೀರ್ತಿಮೌಲ್ಯವೆಂದು ತೋರಿಸಬೇಕು. ಉಳಿದ 24,000 ರೂಪಾಯಿಯು ಚಿಕ್ಕ ಪಾಲುಗಾರರಿಗೆ ಸೇರಿದುದು. ದೊಡ್ಡವನ ಲೆಕ್ಕದಲ್ಲಿ ಅದನ್ನು ಪ್ರತ್ಯೇಕವಾಗಿ ಹೆಸರಿಸಿಯೇ ಬರೆಯಬೇಕು. ಇನ್ನು ಅಧೀನ ಕಂಪೆನಿಯು 8,000 ರೂಪಾಯಿಯ ಸರಕನ್ನು 10,000 ರೂಪಾಯಿಗೆ ಹಿಡುವಳಿ ಕಂಪೆನಿಗೆ ಮಾರಿ, ಆ ಸರಕು ಇನ್ನೂ ಉಗ್ರಾಣದಲ್ಲಿಯೇ ಇದ್ದರೆ, 2,000 ರೂಪಾಯಿಯನ್ನು ಲಾಭವೆಂದು ತೋರಿಸಲಾಗದು. ಎಡಗೈ ಬಲಗೈಗೆ ಮಾರಿದುದರಿಂದ ಮನೆಗೆ ಕಾಸೂ ಬರಲಿಲ್ಲವಷ್ಟೆ! ಬೇರೆಬೇರೆಯಾಗಿ ನೋಡಿದರೆ ಎರಡು ಕಂಪೆನಿಗಳ ಪುಸ್ತಕಗಳೂ ತಾಳೆಯಾಗಿರುತ್ತವೆ. ಆದರೂ ಕೂಡಿಸಿ ನೋಡುವವರೆಗೆ ಸತ್ಯವು ಹೊರಬೀಳುವುದಿಲ್ಲ. ಭಾರತದಲ್ಲಿ ಇಂತಹ ಕೂಡುಲೆಕ್ಕವನ್ನು 2013ರ ಕಂಪೆನಿ ಕಾಯಿದೆಯು ಕಡ್ಡಾಯಗೊಳಿಸಿತು.

ಮೈಸೂರಿನವರಿಗೆ ಈ ಪಾಠಗಳು ಪುಸ್ತಕದ ಮಾತಾಗಿ ಮಾತ್ರ ಉಳಿಯಲಿಲ್ಲ. ಮೇಲೆ ಹೇಳಿದ ಮೈಸೂರು ಬ್ಯಾಂಕು 1960ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಅಧೀನಕ್ಕೆ ಬಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಎನಿಸಿತು. 2017ನೆಯ ಏಪ್ರಿಲ್ 1ರಂದು ಆ ದೊಡ್ಡ ಬ್ಯಾಂಕಿನಲ್ಲಿಯೇ ವಿಲೀನವಾಯಿತು. ಆಗ ಮೈಸೂರು ಬ್ಯಾಂಕಿನ ಪ್ರತಿ 10 ಷೇರುಗಳಿಗೆ ಸ್ಟೇಟ್ ಬ್ಯಾಂಕಿನ 22 ಷೇರುಗಳು ದೊರೆತುವು. ನೂರಕ್ಕೂ ಮಿಕ್ಕ ವರ್ಷಗಳ ಕಾಲ ಸಂಸ್ಥಾನದ ಹೆಸರನ್ನು ಹೊತ್ತಿದ್ದ ಸಂಸ್ಥೆಯು ಕಣ್ಮರೆಯಾದುದಕ್ಕೆ ಅನೇಕರು ಮರುಗಿದರು. ಆದರೆ ಹತ್ತಕ್ಕೆ ಇಪ್ಪತ್ತೆರಡು ಎಂಬುದು ನ್ಯಾಯವೋ ಅನ್ಯಾಯವೋ ಎಂದು ವಿಚಾರಿಸಲು ಮರುಕವೊಂದೇ ಸಾಲದು. ಎರಡು ಸಂಸ್ಥೆಗಳ ಆಸ್ತಿಯನ್ನೂ ಹೊಣೆಯನ್ನೂ ವಸೂಲಾಗದ ಸಾಲವನ್ನೂ ತೂಗಿ ನೋಡುವ ವಿದ್ಯೆ ಬೇಕು. ಹತ್ತಿಪ್ಪತ್ತು ಷೇರುಗಳನ್ನು ಇಟ್ಟುಕೊಂಡಿದ್ದ ಸಾಮಾನ್ಯ ಗೃಹಸ್ಥನ ಪಾಲು ಇಂತಹ ತೂಕದ ಮೇಲೆಯೇ ನಿಂತಿರುವುದು.

ಈ ವಿದ್ಯೆಯು ಸೋತಾಗ ಆಗುವ ಅನರ್ಥಕ್ಕೆ 2009ರ ಸತ್ಯಂ ಪ್ರಕರಣವು ಸಾಕ್ಷಿ. ಹೈದರಾಬಾದಿನ ಆ ಕಂಪೆನಿಯ ಅಧ್ಯಕ್ಷರು ಜನವರಿ 7ರಂದು ತಾವೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,000 ಕೋಟಿಗೂ ಮಿಕ್ಕ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ವರ್ಷವರ್ಷವೂ ಪಟ್ಟಿಗಳು ತಾಳೆಯಾಗಿದ್ದುವು. ಪರಿಶೋಧಕರ ಸಹಿಯೂ ಬಿದ್ದಿತ್ತು. ಆದರೆ ಭಂಡಾರದ ಬಾಗಿಲನ್ನು ತೆರೆದು ಎಣಿಸಬೇಕಾದ ರೀತಿಯಲ್ಲಿ ಎಣಿಸಿದವರಿರಲಿಲ್ಲ. ಕೌಟಿಲ್ಯನ ನಲವತ್ತು ಬಗೆಗಳು ಗಣಕಯಂತ್ರದ ಕಾಲದಲ್ಲಿಯೂ ಹಳತಾಗಿಲ್ಲವೆಂಬುದಕ್ಕೆ ಬೇರೆ ನಿದರ್ಶನವು ಬೇಕಿಲ್ಲ.

ಈ ವಿದ್ಯೆಯ ಬಾಗಿಲು ಸರ್ವರಿಗೂ ತೆರೆದುದು ಒಂದೇ ದಿನದಲ್ಲಿ ಅಲ್ಲ. 1941ರಲ್ಲಿ ಸುತ್ತೂರು ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ಪ್ರಾರಂಭಿಸಿದುದು, ಹಳ್ಳಿಯ ಬಡ ಹುಡುಗರಿಗೆ ನಗರದಲ್ಲಿ ಅನ್ನವೂ ಆಸರೆಯೂ ದೊರೆತ ಹೊರತು ವಿದ್ಯೆಯು ದೊರೆಯದೆಂಬುದನ್ನು ಅರಿತು ಮಾಡಿದ ಕಾರ್ಯವು. ವಂಶಪಾರಂಪರ್ಯದ ಶಾನುಭೋಗಿಕೆಯು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯಿಂದ, 1963ರಲ್ಲಿ ಕೊನೆಗೊಂಡಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಅಂಚೆ ತೆರಪಿನ ಶಿಕ್ಷಣವು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆದು, ಹಗಲು ದುಡಿದು ರಾತ್ರಿ ಓದುವವರಿಗೂ ವಾಣಿಜ್ಯ ಪದವಿಗಳ ದಾರಿಯನ್ನು ಮಾಡಿಕೊಟ್ಟಿತು. ಹೀಗೆ ಯಾರ ಹಿರಿಯರು ಸಾಹುಕಾರನ ಲೆಕ್ಕಕ್ಕೆ ಹೆಬ್ಬೆಟ್ಟೊತ್ತಿ ಬರುತ್ತಿದ್ದರೋ ಅವರ ಮೊಮ್ಮಕ್ಕಳು ಇಂದು ಕಂಪೆನಿಗಳ ಲೆಕ್ಕವನ್ನು ಪರಿಶೋಧಿಸುವ ಸ್ಥಾನಕ್ಕೆ ಬರಲು ಸಾಧ್ಯವಾಗಿದೆ.

ಇಷ್ಟಾದರೂ ಒಂದು ತಡೆಯು ಉಳಿದಿದೆ. ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿಯು ಇಂಗ್ಲಿಷ್ ಪಾರಿಭಾಷಿಕ ಪದಗಳ ಮುಂದೆ ಬೆದರಿ, ಅರ್ಥವನ್ನು ಬಿಟ್ಟು ನಮೂನೆಗಳನ್ನು ಕಂಠಪಾಠಮಾಡುವುದುಂಟು. ಎರಡು ಕಡೆಯ ಮೊತ್ತಗಳು ಸರಿಬಂದರೆ ಅವನಿಗೆ ಅಂಕಗಳು ದೊರೆಯುತ್ತವೆ. ಆದರೆ ಏತಕ್ಕೆ ಸರಿಬಂದುವೆಂಬುದು ತಿಳಿಯದೆ ಉಳಿಯುತ್ತದೆ. ಖಾತೆ, ಜಮೆ, ಶಿಲ್ಕು, ತಾಳೆ, ಸವಕಳಿ ಎಂಬ ಮಾತುಗಳು ಅವನ ಮನೆಯಂಗಳದಲ್ಲಿಯೇ ಆಡುತ್ತಿರುವಾಗ ಈ ಭಯವು ಅನಾವಶ್ಯಕವಾದುದು. ತಾಯ್ನುಡಿಯಲ್ಲಿ ಒಮ್ಮೆ ಅರ್ಥವಾದ ತತ್ತ್ವವನ್ನು ಯಾವ ಭಾಷೆಯಲ್ಲಿ ಬರೆದರೂ ಅದು ಕೈಬಿಡುವುದಿಲ್ಲ.

ದಾಸೋಹವಾಗಲಿ ವಿದ್ಯಾಸಂಸ್ಥೆಯಾಗಲಿ ಸಹಕಾರ ಸಂಘವಾಗಲಿ ನಡೆಯುವುದು ಪರರು ನಂಬಿ ಕೊಟ್ಟ ಧನದಿಂದ. ಆ ನಂಬಿಕೆಯನ್ನು ಕಾಯುವವನು ಲೆಕ್ಕವನ್ನು ಬರೆದರೆ ಸಾಲದು. ಬಂದು ಎಣಿಸಿಕೊಳ್ಳಿರೆಂದು ಬಾಗಿಲನ್ನು ತೆರೆಯಬಲ್ಲವನಾಗಿರಬೇಕು. ವಿಶ್ವವಿದ್ಯಾನಿಲಯದ ವ್ಯಾಸಂಗವು ಇಂತಹವರನ್ನು ಸಿದ್ಧಪಡಿಸಿದಲ್ಲಿ, ಮೈಸೂರಿನಲ್ಲಿ ಈ ವಿದ್ಯೆಗಾಗಿ ಹಿರಿಯರು ಪಟ್ಟ ಶ್ರಮವು ಸಾರ್ಥಕವಾದಂತೆ.