ಟೂಲ್ ನಮ್ಮ ಕಂಪ್ಯೂಟರ್‌ನಲ್ಲೇ ಇದ್ದರೆ ಡೇಟಾ ಸೇಫಾ? ಎಐ ಆ್ಯಪ್ ಜೋಡಿಸುವ ಎರಡು ದಾರಿಗಳ ಸತ್ಯಾಸತ್ಯ

‘ಎಐ ಆ್ಯಪ್‌ಗೆ ನಿಮ್ಮ ಇಮೇಲ್, ಫೈಲ್‌ಗಳನ್ನು ಜೋಡಿಸಿ, ಉಳಿದ ಕೆಲಸ ಅದೇ ಮಾಡುತ್ತೆ’ ಎನ್ನುವ ವಿಡಿಯೊಗಳು ಈಗ ಗ್ರೂಪ್‌ಗಳಲ್ಲಿ ಓಡಾಡುತ್ತಿವೆ. ಅವುಗಳ ಬೆನ್ನಿಗೇ ಎರಡು ಮಾತುಗಳೂ ಬರುತ್ತವೆ.

ಹೇಳಿಕೆ 1: ಟೂಲ್ ನಿಮ್ಮ ಕಂಪ್ಯೂಟರ್‌ನಲ್ಲೇ ನಡೆದರೆ ಡೇಟಾ ಹೊರಗೆ ಹೋಗುವುದಿಲ್ಲ, ಪೂರ್ತಿ ಸೇಫ್.

ಹೇಳಿಕೆ 2: ಆನ್‌ಲೈನ್ ಸರ್ವರ್‌ಗೆ ಜೋಡಿಸಿದರೆ ಎಲ್ಲ ಮಾಹಿತಿ ಕಳ್ಳರ ಪಾಲು.

ಚುಟುಕಾಗಿ ಹೇಳುವುದಾದರೆ, ಎರಡೂ ಅರ್ಧ ಸತ್ಯ. ಸರ್ವರ್ ಎಲ್ಲಿದೆ ಎಂಬುದಕ್ಕಿಂತ ಅದನ್ನು ಮಾಡಿದವರು ಯಾರು, ಅದಕ್ಕೆ ನೀವು ಎಷ್ಟು ಅಧಿಕಾರ ಕೊಟ್ಟಿದ್ದೀರಿ ಎಂಬುದೇ ಮುಖ್ಯ.

ಜೋಡಿಸುವುದು ಅಂದರೆ ಏನು?

ಚಾಟ್ ಮಾಡುವ ಎಐ ತಾನಾಗಿ ನಿಮ್ಮ ಫೈಲ್ ತೆರೆಯಲಾರದು, ಮೇಲ್ ಕಳಿಸಲಾರದು. ಆ ಕೆಲಸಕ್ಕೆ ಒಂದು ಪುಟ್ಟ ಪ್ರೋಗ್ರಾಂ ಬೇಕು. ಅದೇ ಟೂಲ್ ಸರ್ವರ್. ಸರ್ವರ್ ಅಂದರೆ ದೊಡ್ಡ ಯಂತ್ರವೇ ಆಗಬೇಕಿಲ್ಲ. ಕೇಳಿದ್ದನ್ನು ಮಾಡಿಕೊಡುವ ಪ್ರೋಗ್ರಾಂ ಯಾವುದಾದರೂ ಸರ್ವರೇ. ಅದನ್ನು ಕೇಳುವ ಆ್ಯಪ್‌ಗೆ ಕ್ಲೈಂಟ್ ಎನ್ನುತ್ತಾರೆ.

ಇವೆರಡೂ ಹೇಗೆ ಮಾತಾಡಬೇಕು ಎಂಬುದಕ್ಕೆ 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ ಎಂಸಿಪಿ, ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಎಂಬ ಮುಕ್ತ ನಿಯಮಾವಳಿ ಪ್ರಕಟಿಸಿತು. ಮುಂದಿನ ವರ್ಷ ಓಪನ್‌ಎಐ ಕೂಡ ಅದನ್ನು ಒಪ್ಪಿಕೊಂಡಿತು. ಈ ನಿಯಮಾವಳಿಯಲ್ಲಿ ಜೋಡಣೆಗೆ ಎರಡು ಮುಖ್ಯ ದಾರಿಗಳಿವೆ. ಒಂದು ನಿಮ್ಮ ಕಂಪ್ಯೂಟರ್ ಒಳಗೇ, ಇನ್ನೊಂದು ನೆಟ್‌ವರ್ಕ್ ಮೂಲಕ.

ಪಹಣಿ ಕಂಡ ಎರಡು ದಾರಿಗಳು

ಈ ಎರಡು ದಾರಿ ಶಿಕಾರಿಪುರ, ಸೊರಬದ ರೈತರಿಗೆ ಹೊಸದಲ್ಲ. 2001ರ ಸುಮಾರಿಗೆ ರಾಜ್ಯವಿಡೀ ಬಂದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರ್‌ನಲ್ಲೇ ಇರುತ್ತಿತ್ತು. ಆನವಟ್ಟಿಯವರು ಸೊರಬಕ್ಕೆ, ಬಳ್ಳಿಗಾವಿಯವರು ಶಿಕಾರಿಪುರಕ್ಕೆ ಹೋಗಿ, 15 ರೂಪಾಯಿ ಕೊಟ್ಟು ಪಹಣಿ ತರಬೇಕಿತ್ತು. ಇದು ಮೊದಲ ದಾರಿ: ಕೇಳುವ ಕಿಟಕಿಯೂ ಕೊಡುವ ಸರ್ವರೂ ಒಂದೇ ಸೂರಿನಡಿ.

ಆಮೇಲೆ ದಾಖಲೆಗಳು ಬೆಂಗಳೂರಿನ ಡೇಟಾ ಸೆಂಟರ್ ಸೇರಿದವು. ಈಗ ಅದೇ ಪಹಣಿಯನ್ನು ಫೋನ್‌ನಲ್ಲೇ ನೋಡಬಹುದು. ಇದು ಎರಡನೇ ದಾರಿ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಸರ್ವರ್ ತಾಲ್ಲೂಕು ಕಚೇರಿಯೊಳಗೇ ಇದ್ದ ಕಾಲದಲ್ಲೂ ‘ಹೇಗೂ ಇಲ್ಲೇ ಇದೆಯಲ್ಲ’ ಎಂದು ಯಾರೂ ಸುಮ್ಮನಿರಲಿಲ್ಲ. ದಾಖಲೆ ತಿದ್ದಲು ಸಿಬ್ಬಂದಿ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕಿತ್ತು. ಪಹಣಿಯನ್ನು ಕಾಯುತ್ತಿದ್ದುದು ಆ ಬೆರಳಚ್ಚೇ ಹೊರತು ಸರ್ವರ್ ಹತ್ತಿರದಲ್ಲಿದೆ ಎಂಬುದಲ್ಲ.

ಮೊದಲ ದಾರಿ: ಕಂಪ್ಯೂಟರ್ ಒಳಗೇ

ಎಂಸಿಪಿಯಲ್ಲಿ ಇದರ ಹೆಸರು ಎಸ್‌ಟಿಡಿಐಒ. ಎಐ ಆ್ಯಪ್ ತಾನೇ ಟೂಲನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ಚಾಲೂ ಮಾಡಿ, ನೇರವಾಗಿ ಪ್ರಶ್ನೆ ಕೊಟ್ಟು ಉತ್ತರ ಪಡೆಯುತ್ತದೆ. ಈ ಮಾತುಕತೆಗೆ ನೆಟ್‌ವರ್ಕ್ ಬೇಕಿಲ್ಲ. ಹೊರಗಿನವರು ತಟ್ಟುವುದಕ್ಕೆ ಬಾಗಿಲೇ ಇರುವುದಿಲ್ಲ. ಸೆಟಪ್ ಸರಳ, ವೇಗವೂ ಹೆಚ್ಚು. ಆದರೆ ಆ ಒಂದು ಕಂಪ್ಯೂಟರ್ ಬಿಟ್ಟು ಬೇರೆಲ್ಲಿಂದಲೂ ಬಳಸಲಾಗದು. ಸಾಮಾನ್ಯವಾಗಿ ಫೋನ್‌ನಲ್ಲಿ ಈ ದಾರಿ ಸಿಗುವುದೂ ಇಲ್ಲ.

ಎರಡನೇ ದಾರಿ: ನೆಟ್‌ವರ್ಕ್ ಮೂಲಕ

ಇದಕ್ಕೆ ಸ್ಟ್ರೀಮಬಲ್ ಎಚ್‌ಟಿಟಿಪಿ ಎನ್ನುತ್ತಾರೆ. ಟೂಲ್ ಎಲ್ಲೋ ಒಂದು ಕಡೆ ನಡೆಯುತ್ತಿರುತ್ತದೆ. ವೆಬ್‌ಸೈಟ್ ತೆರೆದಂತೆ ನಿಮ್ಮ ಆ್ಯಪ್ ಅದರ ವಿಳಾಸಕ್ಕೆ ಹೋಗಿ ಕೇಳುತ್ತದೆ. ಫೋನ್, ಲ್ಯಾಪ್‌ಟಾಪ್, ಹತ್ತು ಜನರ ಕಚೇರಿ, ಎಲ್ಲಿಂದಲೂ ಬಳಸಬಹುದು. ಟೂಲ್ ಅಪ್‌ಡೇಟ್ ಆದರೆ ಎಲ್ಲರಿಗೂ ಒಟ್ಟಿಗೇ ಆಗುತ್ತದೆ. ಆದರೆ ಲಾಗಿನ್ ಬೇಕು, ನೆಟ್ ಬೇಕು, ಆ ಸರ್ವರ್ ಎದ್ದಿರಬೇಕು.

ಹಳೆಯ ವಿಡಿಯೊಗಳಲ್ಲಿ ‘ಎಸ್‌ಎಸ್‌ಇ ಆಯ್ಕೆ ಮಾಡಿ’ ಎಂದು ಹೇಳಿರುತ್ತಾರೆ. ಅದು ಇದೇ ದಾರಿಯ ಹಿಂದಿನ ರೂಪ. 2025ರ ಮಾರ್ಚ್‌ನ ಆವೃತ್ತಿಯಲ್ಲೇ ಅದರ ಜಾಗಕ್ಕೆ ಸ್ಟ್ರೀಮಬಲ್ ಎಚ್‌ಟಿಟಿಪಿ ಬಂದಿದೆ. ಹೊಸದಾಗಿ ಜೋಡಿಸುವವರು ಇದನ್ನೇ ಬಳಸುವುದು ಒಳ್ಳೆಯದು.

‘ಲೋಕಲ್ ಅಂದರೆ ಸೇಫ್’ ಏಕೆ ಅರ್ಧ ಸತ್ಯ?

ಮೊದಲನೆಯದು, ಟೂಲ್ ನಿಮ್ಮ ಕಂಪ್ಯೂಟರ್‌ನಲ್ಲಿದ್ದರೂ ಎಐ ಅಲ್ಲಿರುವುದು ಅಪರೂಪ. ಟೂಲ್ ಓದಿದ ಫೈಲ್‌ನ ಸಾಲುಗಳು ಉತ್ತರಕ್ಕಾಗಿ ಎಐ ಕಂಪನಿಯ ಸರ್ವರ್‌ಗೆ ಹೋಗುತ್ತವೆ. ಎಐ ಮಾಡೆಲ್ ಕೂಡ ನಿಮ್ಮ ಯಂತ್ರದಲ್ಲೇ ಇದ್ದರೆ ಮಾತ್ರ ಈ ಮಾತು ಬೇರೆ.

ಎರಡನೆಯದು, ಲೋಕಲ್ ಟೂಲ್ ಸಾಮಾನ್ಯವಾಗಿ ನಿಮ್ಮದೇ ಅಧಿಕಾರದಲ್ಲಿ ನಡೆಯುತ್ತದೆ. ನೀವು ತೆರೆಯಬಲ್ಲ ಫೈಲನ್ನು ಅದೂ ತೆರೆಯಬಲ್ಲದು. ಎಐ ಜೊತೆಗಿನ ಮಾತಿಗೆ ನೆಟ್ ಬೇಕಿಲ್ಲ ನಿಜ. ಆದರೆ ಅದು ಬೇರೆಡೆಗೆ ನೆಟ್ ಮೂಲಕ ಮಾಹಿತಿ ಕಳಿಸುವುದನ್ನು ಈ ದಾರಿ ತಡೆಯುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಸಾಕ್ಷಿ ಸಿಕ್ಕಿತು. ‘ಪೋಸ್ಟ್‌ಮಾರ್ಕ್-ಎಂಸಿಪಿ’ ಎಂಬ ಪ್ಯಾಕೇಜನ್ನು ಜನ ತಮ್ಮ ಯಂತ್ರಗಳಿಗೇ ಇಳಿಸಿಕೊಂಡು ಮೇಲ್ ಕಳಿಸಲು ಬಳಸುತ್ತಿದ್ದರು. ಮೊದಲ ಆವೃತ್ತಿಗಳು ಸರಿಯಾಗೇ ಇದ್ದವು. 1.0.16ನೇ ಆವೃತ್ತಿಯಲ್ಲಿ ಸೇರಿದ ಒಂದು ಸಾಲು, ಹೋಗುವ ಪ್ರತಿ ಮೇಲ್‌ನ ಗುಟ್ಟಿನ ಪ್ರತಿಯನ್ನು ಬೇರೊಬ್ಬರಿಗೆ ಕಳಿಸುತ್ತಿತ್ತು. ಪೋಸ್ಟ್‌ಮಾರ್ಕ್ ಕಂಪನಿ ಆ ಪ್ಯಾಕೇಜ್ ತನ್ನದಲ್ಲ ಎಂದು ಸ್ಪಷ್ಟಪಡಿಸಿತು. ಟೂಲ್ ಇದ್ದದ್ದು ಮನೆಯೊಳಗೇ, ಕದ್ದದ್ದೂ ಮನೆಯೊಳಗಿಂದಲೇ.

‘ಆನ್‌ಲೈನ್ ಅಂದರೆ ಕಳ್ಳತನ’ ಏಕೆ ಅರ್ಧ ಸತ್ಯ?

ನಂಬಿಕಸ್ಥ ಸೇವೆಗಳಲ್ಲಿ ಜೋಡಿಸುವಾಗ ನೀವು ಆ ಎಐ ಆ್ಯಪ್‌ಗೆ ಪಾಸ್‌ವರ್ಡ್ ಕೊಡುವುದಿಲ್ಲ. ಸೇವೆಯ ಸ್ವಂತ ಲಾಗಿನ್ ಪುಟ ತೆರೆದುಕೊಂಡು, ಏನೇನು ಅನುಮತಿ ಕೊಡುತ್ತಿದ್ದೀರಿ ಎಂದು ತೋರಿಸುತ್ತದೆ. ಓದುವುದಕ್ಕೆ ಮಾತ್ರ, ಅಥವಾ ಓದುವುದಕ್ಕೂ ಕಳಿಸುವುದಕ್ಕೂ ಎಂದು ಅಲ್ಲಿ ಬರೆದಿರುತ್ತದೆ. ಬೇಡವಾದಾಗ ಆ ಅನುಮತಿಯನ್ನು ವಾಪಸ್ ಪಡೆಯಬಹುದು.

‘ಸರ್ವರ್ ಡೌನ್’ ಅಂದರೆ ದಾಖಲೆ ಕಳುವಾಯಿತು ಎಂದೂ ಅಲ್ಲ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ಮೇಲೆ ಡಿಡಿಒಎಸ್ ದಾಳಿ ನಡೆಯಿತು. ಸುಳ್ಳು ಕೋರಿಕೆಗಳ ಮಹಾಪೂರ ಹರಿಸಿ, ನಿಜವಾದ ಕೋರಿಕೆಗೆ ಜಾಗವೇ ಇಲ್ಲದಂತೆ ಮಾಡುವ ದಾಳಿ ಅದು. ಒಂದೇ ಸರ್ವರನ್ನು ನೆಚ್ಚಿಕೊಂಡಿದ್ದ ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಕೆಲಸ ಕುಂಟಿತು. ನೆಟ್‌ವರ್ಕ್ ದಾರಿಯ ನಿಜವಾದ ದೌರ್ಬಲ್ಯ ಇದೇ: ನಡುವಿನ ಸರ್ವರ್ ಬಿದ್ದರೆ ಎಲ್ಲರ ಕೆಲಸವೂ ನಿಲ್ಲುತ್ತದೆ.

ಒಂದು ಎಚ್ಚರಿಕೆ: ವಿಳಾಸದ ಪಕ್ಕದ ಬೀಗದ ಗುರುತು ‘ದಾರಿಯಲ್ಲಿ ಯಾರೂ ಕದ್ದು ಓದಲಾರರು’ ಎಂದಷ್ಟೇ ಹೇಳುತ್ತದೆ. ಆ ಕಡೆ ಕೂತವರು ಒಳ್ಳೆಯವರು ಎಂದು ಹೇಳುವುದಿಲ್ಲ. ನಕಲಿ ಸೈಟಿಗೂ ಬೀಗ ಸಿಗುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು?

• ಶಿರಾಳಕೊಪ್ಪದ ಒಂದು ಅಂಗಡಿ, ಒಂದೇ ಲ್ಯಾಪ್‌ಟಾಪ್, ಅದರಲ್ಲೇ ಅಡಿಕೆ ಲೆಕ್ಕದ ಫೈಲ್, ನೋಡುವವರು ಒಬ್ಬರೇ ಎಂದಿಟ್ಟುಕೊಳ್ಳಿ. ಕಂಪ್ಯೂಟರ್ ಒಳಗಿನ ದಾರಿ ಸಾಕು. ಲೆಕ್ಕದ ಫೋಲ್ಡರ್ ಒಂದಕ್ಕೆ ಮಾತ್ರ ಅನುಮತಿ ಕೊಡಿ.

• ಸೊರಬ, ಆನವಟ್ಟಿ ಎರಡೂ ಕಡೆ ಕಚೇರಿ ಇರುವ ಸಂಘ, ಒಂದೇ ಲೆಕ್ಕವನ್ನು ನಾಲ್ಕು ಜನ ನೋಡಬೇಕು ಎಂದಾದರೆ ನೆಟ್‌ವರ್ಕ್ ದಾರಿ ಸರಿ. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಇರಲಿ. ಒಂದೇ ಪಾಸ್‌ವರ್ಡ್ ಎಲ್ಲರಿಗೂ ಹಂಚಬೇಡಿ.

• ಮಾಹಿತಿ ಮೊದಲೇ ಆನ್‌ಲೈನ್ ಇದ್ದರೆ (ಮೇಲ್, ಡ್ರೈವ್, ಕ್ಯಾಲೆಂಡರ್) ಆ ಸೇವೆಯವರೇ ಕೊಡುವ ಅಧಿಕೃತ ಜೋಡಣೆ ಬಳಸಿ.

• ನಿಮ್ಮ ಕಂಪ್ಯೂಟರ್‌ನಲ್ಲೇ ಎಚ್‌ಟಿಟಿಪಿ ಸರ್ವರ್ ನಡೆಸುವುದಾದರೆ ಅದು 127.0.0.1 ವಿಳಾಸಕ್ಕೆ ಮಾತ್ರ ಓಗೊಡುವಂತೆ ಇಡಿ. ಇಲ್ಲದಿದ್ದರೆ ಅದೇ ವೈಫೈನಲ್ಲಿರುವ ಬೇರೆಯವರಿಗೂ ಬಾಗಿಲು ತೆರೆದಿರಬಹುದು.

ಜೋಡಿಸುವ ಮುನ್ನ ನಾಲ್ಕು ಪ್ರಶ್ನೆ

1. ಈ ಟೂಲ್ ಮಾಡಿದವರು ಯಾರು? ಸೇವೆಯ ಹೆಸರಿದ್ದ ಮಾತ್ರಕ್ಕೆ ಅದು ಅವರದ್ದೇ ಅಲ್ಲ.

2. ಓದುವ ಅನುಮತಿ ಸಾಕಿರುವಾಗ ಅಳಿಸುವ, ಕಳಿಸುವ ಅನುಮತಿಯನ್ನೂ ಕೇಳುತ್ತಿದೆಯೇ?

3. ಪ್ರತಿ ಕೆಲಸಕ್ಕೂ ಮೊದಲು ನಿಮ್ಮನ್ನು ಕೇಳುತ್ತದೆಯೇ? ಮೇಲ್ ಕಳಿಸುವ, ಫೈಲ್ ಅಳಿಸುವ ಕೆಲಸಕ್ಕೆ ‘ಯಾವಾಗಲೂ ಅನುಮತಿಸಿ’ ಒತ್ತಬೇಡಿ.

4. ಅನುಮತಿ ವಾಪಸ್ ಪಡೆಯುವುದು ಎಲ್ಲಿಂದ? ಮೊದಲೇ ನೋಡಿಟ್ಟುಕೊಳ್ಳಿ.

ಇದು ಎಐಗೆ ಮಾತ್ರ ಅಲ್ಲ. ಪಹಣಿ, ಪಿಎಂ ಕಿಸಾನ್, ವಾಹನ ಚಲನ್ ಹೆಸರಲ್ಲಿ ವಾಟ್ಸ್ಆ್ಯಪ್‌ಗೆ ಬರುವ ಎಪಿಕೆ ಫೈಲ್‌ಗಳಿಗೂ ಇದೇ ಪ್ರಶ್ನೆ ಕೇಳಿ. ಅವೂ ನಿಮ್ಮ ಫೋನ್‌ನೊಳಗೇ ಕೂರುವ ‘ಲೋಕಲ್’ ಪ್ರೋಗ್ರಾಂಗಳೇ. ಸರ್ಕಾರಿ ಸೇವೆಗೆ ‘ಜಿಒವಿ ಡಾಟ್ ಇನ್’ ಎಂದು ಮುಗಿಯುವ ವಿಳಾಸವನ್ನು ನೀವೇ ಟೈಪ್ ಮಾಡಿ, ಇಲ್ಲವೇ ನಾಡಕಚೇರಿ, ಗ್ರಾಮ ಒನ್ ಕೇಂದ್ರಕ್ಕೆ ಹೋಗಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ತೀರ್ಮಾನ: ‘ಲೋಕಲ್ ಆದರೆ ಪೂರ್ತಿ ಸೇಫ್’ ಎಂಬುದು ದಾರಿತಪ್ಪಿಸುವ ಮಾತು, ‘ಆನ್‌ಲೈನ್ ಆದರೆ ಕಳ್ಳತನ’ ಎಂಬುದೂ ಹಾಗೆಯೇ. ಯಾರು, ಎಲ್ಲಿಂದ ಬಳಸುತ್ತಾರೆ ಎಂಬುದನ್ನು ನೋಡಿ ದಾರಿ ಆರಿಸಿ. ಸುರಕ್ಷತೆಯನ್ನು ಮಾತ್ರ ಟೂಲ್ ಮಾಡಿದವರನ್ನೂ ನೀವು ಕೊಟ್ಟ ಅನುಮತಿಯನ್ನೂ ನೋಡಿ ಅಳೆಯಿರಿ.