ಬೆಕ್ಕಿನ ಮರಿಯ ಹೃದಯದಲ್ಲಿ ತೂತಿದ್ದರೆ ಆಪರೇಷನ್ ಮಾಡಿಸಬಹುದೇ?

ಬೆಕ್ಕಿಗೆ ಓಪನ್ ಹಾರ್ಟ್ ಸರ್ಜರಿ ಸಾಧ್ಯವೇ? ಸಾಧ್ಯ. ಆದರೆ ಜಗತ್ತಿನಲ್ಲೇ ಇದು ಬಲು ಅಪರೂಪ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರು ‘ಬೆಂಗಳೂರಿಗೆ ಒಯ್ದರೆ ಸರಿಯಾಗುತ್ತದೆ’ ಎಂಬ ಮಾತು ನಂಬಿ ಬಸ್ಸು ಹತ್ತಬೇಡಿ.

ವಿಚಿತ್ರವೆಂದರೆ, ಈ ಆಪರೇಷನ್ನಿಗೆ ಬೇಕಾದ ಯಂತ್ರ ಮೊದಲು ಕೆಲಸ ಮಾಡಿದ್ದು ಬೆಕ್ಕಿನ ಮೇಲೆಯೇ. ಅಮೆರಿಕದ ಡಾ. ಜಾನ್ ಗಿಬ್ಬನ್ 1935ರಲ್ಲಿ ಬಾಸ್ಟನ್‌ನಲ್ಲಿ, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಹೊರಗಿನಿಂದ ಮಾಡುವ ಯಂತ್ರದಿಂದ ಬೆಕ್ಕೊಂದನ್ನು 26 ನಿಮಿಷ ಬದುಕಿಸಿಟ್ಟರು. ಅದರ ಸುಧಾರಿತ ರೂಪ ಬಳಸಿ 1953ರ ಮೇ 6ರಂದು 18 ವರ್ಷದ ಯುವತಿಯೊಬ್ಬಳ ಹೃದಯದಲ್ಲಿ ಹುಟ್ಟಿನಿಂದ ಇದ್ದ ರಂಧ್ರ ಮುಚ್ಚಿದರು. ಇಂದು ಬೆಂಗಳೂರಿನ ಜಯದೇವದಂಥ ಆಸ್ಪತ್ರೆಗಳಲ್ಲಿ ಮಕ್ಕಳಿಗೆ ಆಗುವ ಆಪರೇಷನ್‌ಗಳ ಮೂಲ ಇದೇ. ಬೆಕ್ಕಿನ ಋಣ ಮಾತ್ರ ತೀರಿಲ್ಲ!

ಮುಖ್ಯ ತೊಡಕು ಗಾತ್ರದ್ದು. 4 ಕೆಜಿ ಬೆಕ್ಕಿನ ಮೈಯಲ್ಲಿರುವುದು ಸುಮಾರು ಕಾಲು ಲೀಟರ್ ರಕ್ತ. ಯಂತ್ರದ ಕೊಳವೆ ತುಂಬಲೇ ಬೇರೆ ಬೆಕ್ಕಿನ ರಕ್ತ ಬೇಕಾಗಬಹುದು. ಬೆಕ್ಕುಗಳಲ್ಲೂ ಎ, ಬಿ, ಎಬಿ ಗುಂಪುಗಳಿವೆ. ಬಿ ಗುಂಪಿನದಕ್ಕೆ ಎ ರಕ್ತ ಕೊಟ್ಟರೆ ಮೊದಲ ಸಲವೇ ಜೀವ ಹೋಗಬಹುದು.

ಹಾಗೆಂದು ಕೈಚೆಲ್ಲಬೇಕಿಲ್ಲ. ಹುಟ್ಟಿದ ಕೂಡಲೇ ಮುಚ್ಚಿಕೊಳ್ಳಬೇಕಾದ ಒಂದು ರಕ್ತನಾಳ ಕೆಲವು ಮರಿಗಳಲ್ಲಿ ತೆರೆದೇ ಉಳಿಯುತ್ತದೆ. ಇದಕ್ಕೆ ಪಿಡಿಎ ಎನ್ನುತ್ತಾರೆ. ಹೃದಯ ನಿಲ್ಲಿಸದೆಯೇ, ಎದೆ ತೆರೆದು ಆ ನಾಳವನ್ನು ದಾರದಿಂದ ಬಿಗಿದು ಕಟ್ಟಬಹುದು. ಹೃದಯದ ಕೆಳಕೋಣೆಗಳ ನಡುವೆ ಸಣ್ಣ ತೂತಿರುವ ಬೆಕ್ಕುಗಳಂತೂ ಎಷ್ಟೋ ಸಲ ಯಾವ ಚಿಕಿತ್ಸೆಯೂ ಇಲ್ಲದೆ ಪೂರ್ತಿ ಆಯುಸ್ಸು ಬಾಳುತ್ತವೆ.

ಯಾವ ದೋಷ ಎಂದು ತಿಳಿಯುವುದು ಎಕೋ ಪರೀಕ್ಷೆಯಿಂದ. ತಾಲ್ಲೂಕಿನ ಪಶು ಆಸ್ಪತ್ರೆಯ ಡಾಕ್ಟರು ಸ್ಟೆತಸ್ಕೋಪ್‌ನಲ್ಲಿ ‘ಮರ್ಮರ್’ ಸದ್ದು ಕೇಳಿಸಿತು ಎಂದರೆ, ಅವರ ಚೀಟಿ ಪಡೆದು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಅಲ್ಲಿ ಆಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಕಾಲೇಜು. ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ.

ಮನೆಯಲ್ಲಿ ನೀವು ಮಾಡಬಹುದಾದ್ದು ಎಣಿಕೆ. ಬೆಕ್ಕು ನಿದ್ದೆಯಲ್ಲಿದ್ದಾಗ ಎದೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಪದೇ ಪದೇ ಬಂದರೆ ಡಾಕ್ಟರಿಗೆ ತಿಳಿಸಿ. ನಾಯಿಯಂತೆ ಬಾಯಿ ತೆರೆದು ಏದುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಹಿಂಗಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಎಳೆಯತೊಡಗಿದರೂ ಅಷ್ಟೇ: ಹಾವು ಕಚ್ಚಿತೋ ಏನೋ ಎನಿಸುವುದು ಸಹಜ, ಆದರೆ ಅದು ಹೃದಯದಿಂದ ಹೊರಟ ರಕ್ತದ ಹೆಪ್ಪು ನಾಳಕ್ಕೆ ಸಿಕ್ಕಿಕೊಂಡದ್ದೂ ಇರಬಹುದು. ನೋವಿಗೆಂದು ಮನೆಯ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.