ಘಂಟೆ, ಕಂಚಿನ

ತಾಮ್ರ ಮತ್ತು ತವರಗಳ ಮಿಶ್ರಲೋಹದಲ್ಲಿ ಎರಕ ಹೊಯ್ದ, ಬಾಯಿ ತೆರೆದ ಘನವಾದ್ಯ. ಕರ್ನಾಟಕದಲ್ಲಿ ಇದರ ಮುಖ್ಯ ಬಳಕೆ ಪೂಜೆಯಲ್ಲಿ. ಘಂಟೆಯ ಕಂಚಿನಲ್ಲಿ ತವರದ ಪಾಲು ಸಾಮಾನ್ಯವಾಗಿ ಶೇ. 20ರ ಆಸುಪಾಸಿನಲ್ಲಿರುತ್ತದೆ, ಅದು ಹೆಚ್ಚಿದಷ್ಟೂ ಲೋಹ ಗಡುಸಾಗುತ್ತದೆ, ಜೊತೆಗೆ ಬಿರುಕು ಬಿಡುವ ಸಂಭವವೂ ಹೆಚ್ಚುತ್ತದೆ. ಮೇಣದ ಮಾದರಿಗೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಟೊಳ್ಳಿಗೆ ಕರಗಿದ ಲೋಹ ಸುರಿಯುವುದು ಸಾಂಪ್ರದಾಯಿಕ ಕ್ರಮ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' (12ನೆಯ ಶತಮಾನ) ಇದನ್ನು ವಿಗ್ರಹಗಳ ಸಂದರ್ಭದಲ್ಲಿ ವಿವರಿಸುತ್ತದೆ. ಕಸುಬು ಕಂಚುಗಾರರದು, ಮಂಡ್ಯ ಜಿಲ್ಲೆಯ ನಾಗಮಂಗಲ ಲೋಹದ ಎರಕಕ್ಕೆ ಹೆಸರಾದ ಊರು.

ದೇವಾಲಯದಲ್ಲಿ ತೂಗುಘಂಟೆ, ಅರ್ಚಕರ ಕೈಘಂಟೆ ಎಂಬ ಎರಡು ಬಗೆಗಳಿವೆ. ಕೈಘಂಟೆಯ ಹಿಡಿ ಪಂಥದ ಗುರುತೂ ಹೌದು: ಶೈವರಲ್ಲಿ ನಂದಿ, ವೈಷ್ಣವರಲ್ಲಿ ಗರುಡ, ಹನುಮ ಅಥವಾ ಶಂಖಚಕ್ರ. ಪೂಜಾರಂಭದ ಘಂಟಾನಾದ ದೇವತೆಗಳನ್ನು ಬರಮಾಡಿಕೊಳ್ಳುತ್ತದೆ, ದುಷ್ಟಶಕ್ತಿಗಳನ್ನು ಓಡಿಸುತ್ತದೆ ಎಂಬುದು ನಂಬಿಕೆ. ಗುಡಿಯ ಹೊರಗೆ ಜಂಗಮರು ಕಾಲಿಗೆ ಕಟ್ಟುವ ಜಂಗು ಇದೇ ಕುಲದ್ದು. ದಾಸಯ್ಯರ ಜಾಗಟೆ, ಮಲೆ ಮಹದೇಶ್ವರನ ದೇವರಗುಡ್ಡರ ಕಂಸಾಳೆ ಘಂಟೆಗಳಲ್ಲವಾದರೂ ಲೋಹವಾದ್ಯಗಳಾಗಿ ಇದರ ನೆರೆಯವು.

ಇಲ್ಲಿನ ಘಂಟೆಯ ಬಾಯಿ ದುಂಡು, ನಾಲಗೆ ಒಳಗೆ. ಇದಕ್ಕೆ ಭಿನ್ನವಾಗಿ, ಪ್ರಾಚೀನ ಚೀನಾದ 'ಝೊಂಗ್' ಎಂಬ ಕಂಚಿನ ಘಂಟೆಗೆ ನಾಲಗೆಯಿಲ್ಲ. ಹೊರಗಿನಿಂದ ಬಡಿದು ನುಡಿಸಲಾಗುತ್ತಿತ್ತು. ಚಪ್ಪಟೆಯಾದ ಬಾದಾಮಿಯಾಕಾರದ ಬಾಯಿಯಿಂದಾಗಿ ಒಂದೇ ಘಂಟೆ ಎರಡು ಸ್ವರ ಕೊಡುತ್ತಿತ್ತು. ಅಲ್ಲಿ ಅದು ಅರಮನೆಯ ವಿಧಿ, ಸಂಗೀತ ಮತ್ತು ಅಂತಸ್ತಿನ ಸಾಧನ. ಹುಬೇ ಪ್ರಾಂತದಲ್ಲಿ ಝೆಂಗ್ ರಾಜ್ಯದ ದೊರೆ ಯೀ ಎಂಬವನ ಕ್ರಿ.ಪೂ. 5ನೆಯ ಶತಮಾನದ ಸಮಾಧಿಯಿಂದ 1978ರಲ್ಲಿ 65 ಘಂಟೆಗಳ ಮೇಳ ದೊರೆಯಿತು.